ಮಣ್ಣಿನ ಬ್ಲಾಕಿಗೆ ಕಬ್ಬಿನ ಸಿಪ್ಪಿ ಕಲಸಬಹುದೇನ್ರಿ?

ಪ್ರಶ್ನೆ: ಹೊಲದಾಗ ಸಣ್ಣದೊಂದು ಮನಿ ಕಟ್ಟಬೇಕಂತ ಮಾಡೇನ್ರಿ, ಸಿಮೆಂಟ್ ಕಲಸಿ ಮಷಿನ್‌ನಾಗ ಒತ್ತೋ ಮಣ್ಣಿನ ಬ್ಲಾಕ್ ನಾವಾ ಮಾಡ್ಕೊಳ್ಳೋ ವಿಚಾರ ಐತಿ. ಕಬ್ಬಿನ ಸಿಪ್ಪಿ ಬೇಕಾದಷ್ಟು ಸಿಗ್ತದ, ಅದನ್ನ ಕಲಸಿದ್ರ ಗಟ್ಟಿ ಆಗ್ತದ, ಸಿಮೆಂಟ್ ಕಡಿಮಿ ಸಾಕು ಅಂತಾರ, ಖರೇನಾ? ಮಣ್ಣು ನಮ್ಮ ಹೊಲದ್ದಾ, ಎರಿ ಮಣ್ಣು.
– ಓದುಗರು, ಮುಧೋಳ ತಾಲ್ಲೂಕು

ಉತ್ತರ: ಸಿಮೆಂಟ್ ಉಳಿಸೋ ಆಸೆ ಮೊದಲು ಬಿಡ್ರಿ ಅಣ್ಣಾರ. ಕಬ್ಬಿನ ಸಿಪ್ಪಿ ಆಗ್ಲಿ, ಬ್ಯಾರೆ ಯಾವುದಾ ನಾರು ಆಗ್ಲಿ, ಭಾರ ಹೊರಂಗಿಲ್ಲ, ಮಣ್ಣು ಒಣಗುವಾಗ ಕುಗ್ಗಿ ಸೀಳು ಬಿಡ್ತದಲ್ಲ, ಆ ಸೀಳು ಅಗಲ ಆಗದಂಗ ಹಿಡ್ಕೊಳ್ಳೋದು, ಬ್ಲಾಕ್ ಬಿರಿದ್ರೂ ಪಟ್ಟನ ಎರಡು ಹೋಳಾಗದಂಗ ತಡಿಯೋದು, ಅಷ್ಟಾ ಅದರ ಕೆಲಸ. ನಮ್ಮ ಹಿರ್ಯಾರು ಗ್ವಾಡಿಗೆ ಮೆತ್ತೋ ಮಣ್ಣಿನಾಗ ಹೊಟ್ಟು ಹಾಕಿ ತುಳೀತಿದ್ದದ್ದೂ ಇದಕ್ಕಾ. ನಾರು ಜಾಸ್ತಿ ಆತಂದ್ರ ಮಣ್ಣು ಸರಿಯಾಗಿ ಒತ್ತಂಗಿಲ್ಲ, ಒಳಗ ಪೊಳ್ಳು ಉಳದು ಬ್ಲಾಕಿನ ಬಲ ಇಳೀತದ. 100 ಕೆಜಿ ಒಣ ಮಣ್ಣಿಗೆ ಅರ್ಧದಿಂದ ಒಂದು ಕೆಜಿ ಸಾಕು, ಅದನ್ನೂ 2ರಿಂದ 5 ಸೆಂಟಿಮೀಟರ್ ಕತ್ತರಿಸಿ ಬಿಡಿಬಿಡಿಯಾಗಿ ಉದುರಿಸಿ ಕಲಸ್ರಿ, ಉಂಡಿ ಕಟ್ಟಿದ್ರ ಅಲ್ಲೇ ಒಡೀತದ.

ಇನ್ನ ಸಿಪ್ಪಿ. ಪುಕಟ್ ಸಿಗ್ತದಂತ ಎಲ್ಲಾರ ಕಣ್ಣೂ ಅದರ ಮ್ಯಾಲಾ, ಆದ್ರ ಅದರಾಗ ಉಳಿದಿರೋ ಸಕ್ರಿ ಸಿಮೆಂಟ್ ಸೆಟ್ ಆಗಾಕ ಬಿಡಂಗಿಲ್ಲ. ಹಾಕೋದಾ ಆದ್ರ ನೀರಾಗ ನೆನಸಿ, ನೀರು ಬದಲಿಸಿ ಬದಲಿಸಿ ತೊಳದು, ಒಣಗಿಸಿ ಹಾಕ್ರಿ. ನನ್ನ ಕೇಳಿದ್ರ ತೆಂಗಿನ ನಾರು ಚಲೋ, ಸಿಮೆಂಟಿನ ಕ್ಷಾರ ಯಾವ ನಾರನ್ನಾದ್ರೂ ನಿಧಾನ ತಿಂತದ ಖರೆ, ಆದ್ರ ತೆಂಗಿನ ನಾರಿನಾಗ ಲಿಗ್ನಿನ್ (ನಾರನ್ನ ಗಟ್ಟಿ ಇಡೋ ಅಂಶ) ಜಾಸ್ತಿ, ಹೆಚ್ಚು ದಿನ ತಾಳ್ತದ.

ನಾರಿಗಿಂತ ದೊಡ್ಡ ತಲಿನೋವು ನಿಮ್ಮ ಎರಿ ಮಣ್ಣು. ಮಳಿಗೆ ಉಬ್ಬತದ, ಬಿಸಿಲಿಗೆ ಕುಗ್ಗತದ, ಅದನ್ನ ಯಾವ ನಾರೂ ಕಟ್ಟಿ ಹಾಕಂಗಿಲ್ಲ. ಮಸಾರಿ (ಕೆಂಪು) ಮಣ್ಣು ತರಿಸಿ ಉಸುಕು ಕೂಡಿಸಿ ಶೇ. 6ರಿಂದ 8 ಸಿಮೆಂಟ್ ಹಾಕ್ರಿ. ಎರಿ ಮಣ್ಣಾ ಬೇಕಂದ್ರ ಅದಕ್ಕ ಸುಣ್ಣ ಒಗ್ಗತದ, ಆದ್ರ ಹದಾ ಮಾಡೋದು ಕಷ್ಟ.

ಮೊದಲು ಹತ್ತು ಬ್ಲಾಕ್ ಮಾಡಿ, ನೆರಳಾಗ ಹಸಿ ಆರದಂಗ ಕ್ಯೂರಿಂಗ್ ಮಾಡ್ರಿ, 28 ದಿನ ಆದಮ್ಯಾಲೆ ಒಂದು ದಿನ ನೀರಾಗ ಮುಳುಗಿಸಿ ಇಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಾಗ ಟೆಸ್ಟ್ ಮಾಡಿಸ್ರಿ. ಒಣ ಬ್ಲಾಕಿನ ಬಲದ ನಂಬರ್ ನೋಡಿ ಖುಷಿ ಪಡಬ್ಯಾಡ್ರಿ, ನೆನದಾಗ ಹೆಚ್ಚು ಕಡಿಮಿ ಅರ್ಧಕ್ಕ ಇಳೀತದ. ಮತ್ತ ನಾರು ನೀರು ಕುಡದು ಉಬ್ಬಿ, ಒಣಗಿದಾಗ ಸಣ್ಣಾಗಿ ಮಣ್ಣಿನ ಹಿಡಿತ ಬಿಡ್ತದ, ಅದಕ್ಕ ಪಾಯಾದ ಮ್ಯಾಲಿನ ಒಂದೆರಡು ಫೂಟು ಕಲ್ಲಿಲೇ ಕಟ್ಟಸ್ರಿ, ನಮ್ಮ ಜಿಲ್ಲಾದಾಗ ಕಲ್ಲಿಗೇನು ಬರ ಇಲ್ಲಲ್ಲ.