ಓದುಗರ ಪ್ರಶ್ನೆ: ಥಾರ್, ಕಛ್ ಕಡೆ ಹಕ್ಕಿ ನೋಡೋಕೆ ಹೊರಟವರಿಗೆ

ಪ್ರಶ್ನೆ: ಮೇ ತಿಂಗಳಲ್ಲಿ ಮಕ್ಕಳಿಗೆ ರಜೆ ಇರುತ್ತೆ. ನಮ್ಮದೇ ಕಾರಲ್ಲಿ ಬಿಕಾನೇರ್, ಜೈಸಲ್ಮೇರ್, ಅಲ್ಲಿಂದ ಕಛ್ ಅಂತ ಪ್ಲಾನ್ ಹಾಕಿದ್ದೀವಿ. ದಾರೀಲಿ ಎಲ್ಲೆಲ್ಲಿ ನಿಲ್ಲಿಸ್ಬೇಕು? ಗಡಿ ಹತ್ರ ಓಡಾಡೋಕೆ ಪರ್ಮಿಷನ್ ಬೇಕಾ?

ಉತ್ತರ: ದಯವಿಟ್ಟು ಮೇನಲ್ಲಿ ಹೋಗ್ಬೇಡಿ. 45 ಡಿಗ್ರಿ ಬಿಸಿಲಲ್ಲಿ ಮಕ್ಕಳನ್ನ ಕೂರಿಸ್ಕೊಂಡು ಓಡಾಡೋ ಕಷ್ಟ ಒಂದು ಕಡೆ, ಅಷ್ಟು ದೂರ ಹೋಗಿಯೂ ಚಳಿಗಾಲಕ್ಕೆ ಬಂದ ವಲಸೆ ಹಕ್ಕಿಗಳು ಅಷ್ಟೊತ್ತಿಗೆ ಹೊರಟುಹೋಗಿರ್ತವೆ ಅನ್ನೋದು ಇನ್ನೊಂದು ಕಡೆ. ಡಿಸೆಂಬರ್ ರಜೆಗೆ ಮುಂದೂಡಿ. ಆಗ ರಾತ್ರಿ ಗಡಗಡ ನಡುಗಿಸೋ ಚಳಿ, ಸ್ವೆಟರ್ ಮರೀಬೇಡಿ.

ಬಿಕಾನೇರ್ ಹತ್ರ ಜೋಡ್‌ಬೀಡ್ ಅಂತ ಇದೆ, ಸತ್ತ ದನ, ಒಂಟೆಗಳನ್ನ ತಂದು ಹಾಕೋ ಜಾಗ. ವಾಸನೆಗೆ ಹೆದರಿ ಬಿಡ್ಬೇಡಿ, ಯಾಕಂದ್ರೆ ಮಧ್ಯ ಏಷ್ಯಾ ಕಡೆಯಿಂದ ಬರೋ ಸಿನೇರಿಯಸ್ ರಣಹದ್ದು, ಸ್ಟೆಪ್ ಈಗಲ್, ಬಿಳಿ ರಣಹದ್ದು ಎಲ್ಲಾ ಒಂದೇ ಕಡೆ ಇಷ್ಟು ಹತ್ತಿರದಿಂದ ಸಿಗೋದು ಬಹಳ ಅಪರೂಪ. ಅಲ್ಲಿಂದ ಫಲೋದಿ ಪಕ್ಕದ ಖೀಚನ್. ಊರಿನವರು ದಿನಾ ಕಾಳು ಹಾಕಿ ಹಾಕಿ ಸಾವಿರಾರು ಡೆಮಾಯ್ಸೆಲ್ ಕ್ರೇನ್‌ಗಳು (ಕ್ರೌಂಚ ಹಕ್ಕಿ, ಅಲ್ಲಿನವರು ಕುರ್ಜಾ ಅಂತಾರೆ) ಪ್ರತಿ ಚಳಿಗಾಲ ಅಲ್ಲಿಗೇ ಬಂದಿಳಿಯುತ್ತವೆ. 2025ರಲ್ಲಿ ಇದು ರಾಮ್ಸಾರ್ ಪಟ್ಟಿಗೂ (ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿ) ಸೇರ್ತು. ಬೆಳಿಗ್ಗೆ ಬೇಗ ಹೋಗಿ, ಕಣ್ಣಿಗೆ ಕಾಣೋ ಮೊದಲೇ ಆಕಾಶದಲ್ಲಿ ಅವುಗಳ ಕೂಗು ಕೇಳಿಸುತ್ತೆ, ನನಗೆ ಈಗಲೂ ನೆನೆಸ್ಕೊಂಡ್ರೆ ಮೈ ಜುಮ್ಮೆನ್ನುತ್ತೆ.

ಜೈಸಲ್ಮೇರ್‌ನಲ್ಲಿ ಡೆಸರ್ಟ್ ನ್ಯಾಷನಲ್ ಪಾರ್ಕ್, 3162 ಚದರ ಕಿ.ಮೀ. ಇದೆ, ಅದರೊಳಗಿನ ಸುದಾಸರಿ ಕಡೆ ಹೋಗೋಕೆ ಅರಣ್ಯ ಇಲಾಖೆ ಅನುಮತಿ ಬೇಕು. ಆಮೇಲೆ ಬಾಡಮೇರ್, ಸಾಂಚೋರ್, ರಾಧನ್‌ಪುರ್ ಮೇಲೆ ಭುಜ್‌ಗೆ ಒಂದು ಪೂರ್ತಿ ದಿನದ ಡ್ರೈವಿಂಗ್. ಕತ್ತಲಾದ ಮೇಲೆ ಓಡಿಸ್ಬೇಡಿ, ಒಂಟೆ, ನೀಲಗಾಯ್ ದಿಢೀರ್ ಅಂತ ರಸ್ತೆಗೆ ಬರ್ತವೆ.

ಗಡಿ ವಿಷಯ: ತನೋಟ್, ಲೋಂಗೆವಾಲಾವರೆಗೆ ಪ್ರವಾಸಿಗರು ಹೋಗಬಹುದು, ಅದರಿಂದಾಚೆ ಗಡಿ ಕಂಬದ ಹತ್ರ ಹೋಗೋಕೆ ಬಿಎಸ್‌ಎಫ್ ಪಾಸ್ ಬೇಕು. ಕಛ್‌ನ ಧೋರ್ಡೋ ಹತ್ರದ ಬಿಳಿ ರಣ್‌ಗೂ (ಉಪ್ಪಿನ ಬಯಲು) ಪರ್ಮಿಟ್ ಬೇಕು. ಡ್ರೋನ್ ಮನೇಲೇ ಬಿಟ್ಟು ಬನ್ನಿ, ಉದ್ದ ಲೆನ್ಸನ್ನ ಚೆಕ್‌ಪೋಸ್ಟ್, ಸೈನಿಕರ ವಾಹನದ ಕಡೆ ತಿರುಗಿಸಲೇಬೇಡಿ. ಎಲ್ಲರ ಗುರುತಿನ ಚೀಟಿ ಕೈಗೆ ಸಿಗೋ ಹಾಗಿರಲಿ. ರಣ್‌ನ ಉಪ್ಪಿನ ಮೇಲೆ ಕಾರು ಇಳಿಸ್ಬೇಡಿ, ಮೇಲೆ ಒಣಗಿದ ಹಾಗೆ ಕಂಡ್ರೂ ಕೆಳಗೆ ಕೆಸರು.

ಪ್ರಶ್ನೆ: ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಖಂಡಿತ ಕಾಣುತ್ತಾ? ಜೀಪಿನವರೊಬ್ಬರು ಹತ್ತಿರದಿಂದ ತೋರಿಸ್ತೀನಿ ಅಂತಿದ್ದಾರೆ.

ಉತ್ತರ: ಹಾಗೆ ಗ್ಯಾರಂಟಿ ಕೊಡೋರ ಜೊತೆ ಹೋಗ್ಬೇಡಿ. ನಾನು ಮೊದಲ ಸಲ ಹೋದಾಗ ಎರಡು ದಿನ ಒಂದೂ ಕಾಣಲಿಲ್ಲ, ಮೂರನೇ ದಿನ ಬೆಳಿಗ್ಗೆ ಬಹಳ ದೂರದಲ್ಲಿ ಹುಲ್ಲಿನ ಮಧ್ಯೆ ಒಂದು ಉದ್ದ ಬಿಳಿ ಕತ್ತು ಎದ್ದು ನಿಂತಿದ್ದು ಕಾಣ್ತು, ಅಷ್ಟೊತ್ತಿಗೆ ಎಲ್ಲಿಂದಲೋ ಒಂದು ಜೀಪು ರಸ್ತೆ ಬಿಟ್ಟು ಅದರ ಕಡೆ ನುಗ್ಗಿತು, ಹಕ್ಕಿ ಎದ್ದು ಹಾರಿಹೋಯ್ತು. ಆವತ್ತಿನ ಸಿಟ್ಟು ನನಗಿನ್ನೂ ಇಳಿದಿಲ್ಲ. ಯಾಕಂದ್ರೆ ಈ ಹಕ್ಕಿ ಹಾರೋದೇ ಅಪಾಯ. ಗಂಡು 15 ಕೆ.ಜಿ.ವರೆಗೆ ತೂಗುತ್ತೆ, ಕಣ್ಣು ತಲೆಯ ಎರಡೂ ಪಕ್ಕಕ್ಕಿರೋದ್ರಿಂದ ನೇರ ಎದುರಿಗಿರೋದು ಸರಿಯಾಗಿ ಕಾಣಲ್ಲ, ಕರೆಂಟ್ ತಂತಿ ಹತ್ತಿರ ಬಂದಾಗ ಗೊತ್ತಾದ್ರೂ ಅಷ್ಟು ಭಾರದ ದೇಹ ತಿರುಗಿಸ್ಕೊಳ್ಳೋಕೆ ಆಗಲ್ಲ. ಅಲ್ಲಿ ಗಾಳಿ ಯಂತ್ರ, ಸೋಲಾರ್ ಪಾರ್ಕು ಹೆಚ್ಚಾದ ಹಾಗೆ ತಂತಿಗಳೂ ಹೆಚ್ಚಾಗಿವೆ. ತಂತಿ ನೆಲದಡಿಗೆ ಹೋಗ್ಬೇಕು ಅಂತ ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತ್ತು, 2024ರಲ್ಲಿ ಆ ಆದೇಶ ಬದಲಿಸಿ ತಜ್ಞರ ಸಮಿತಿಗೆ ಒಪ್ಪಿಸ್ತು. ಸಾಮಾನ್ಯವಾಗಿ ಸಲಕ್ಕೆ ಒಂದೇ ಮೊಟ್ಟೆ ಇಡೋ ಹಕ್ಕಿ ಇದು, ಒಂದು ಸತ್ರೆ ಆ ಜಾಗ ತುಂಬೋಕೆ ವರ್ಷಗಳೇ ಬೇಕು.

ಕಛ್‌ನ ನಲಿಯಾ ಕಡೆಯಂತೂ ಉಳಿದಿದ್ದು ಬೆರಳೆಣಿಕೆಯ ಹೆಣ್ಣುಗಳು ಮಾತ್ರ, ಅಲ್ಲಿ ಹುಡುಕೋ ಆಸೆ ಬಿಟ್ಟುಬಿಡಿ. ಸುದಾಸರಿಯಲ್ಲಿ ದಾರಿ ಬಿಡದೆ, ಕಾರಿಂದ ಇಳೀದೆ, ಎಂಜಿನ್ ಆಫ್ ಮಾಡಿ ಕೂತ್ಕೊಳ್ಳಿ. ಕಂಡ್ರೆ ದೂರದಿಂದ ನೋಡಿ ಬನ್ನಿ.

ಪ್ರಶ್ನೆ: ಅದು ಬಿಟ್ರೆ ಅಲ್ಲಿ ಇನ್ನೇನಿದೆ? ಬರೀ ಮರಳು, ಮುಳ್ಳು ತಾನೇ?

ಉತ್ತರ: ಆ ಮುಳ್ಳಲ್ಲೇ ಎಲ್ಲಾ ಇದೆ! ಭುಜ್‌ನಿಂದ ಛಾರಿ ಧಂಡ್ ಅನ್ನೋ ಜೌಗು ಪ್ರದೇಶದ ಕಡೆ ಹೋದ್ರೆ ಫುಲಾಯ್ ಅನ್ನೋ ಊರಿನ ಸುತ್ತ ಪೀಲು ಗಿಡಗಳಿವೆ. ಬೆಳಿಗ್ಗೆ ಹಣ್ಣು ತಿನ್ನೋಕೆ ಗ್ರೇ ಹೈಪೊಕೋಲಿಯಸ್ ಬರುತ್ತೆ, ಬೂದು ಮೈ, ಗಂಡಿಗೆ ಕಣ್ಣಿನ ಮೇಲೆ ಕಪ್ಪು ಪಟ್ಟಿ. ಇಡೀ ಪ್ರಪಂಚದಲ್ಲಿ ಅದರ ಕುಟುಂಬಕ್ಕೆ ಅದೊಂದೇ ಜಾತಿ. ಗಿಡದ ಒಳಗೆ ಸೇರ್ಕೊಂಡ್ರೆ ಅಲ್ಲಾಡಲ್ಲ, ಅರ್ಧ ಗಂಟೆ ಒಂದೇ ಗಿಡ ನೋಡ್ತಾ ನಿಲ್ಲೋ ತಾಳ್ಮೆ ಬೇಕು.

ಬೆಳಿಗ್ಗೆ ಬಿಸಿಲೇರಿದ ಮೇಲೆ ಯಾವುದಾದ್ರೂ ನೀರಿನ ಗುಂಡಿ ಹತ್ರ ಕಾಯಿರಿ, ಸ್ಯಾಂಡ್‌ಗ್ರೌಸ್ (ಪಾರಿವಾಳದ ಹಾಗೆ ಕಾಣೋ ನೆಲದ ಹಕ್ಕಿ) ಗುಂಪು ಗುಂಪಾಗಿ ಇಳಿಯುತ್ತವೆ. ಮರಿಗಳಿರೋ ಕಾಲದಲ್ಲಿ ಗಂಡು ಹಕ್ಕಿ ಹೊಟ್ಟೆಯ ಗರಿ ನೀರಲ್ಲಿ ನೆನೆಸ್ಕೊಂಡು ದೂರದ ಮರಿಗಳ ಹತ್ರ ಹಾರುತ್ತೆ, ಮರಿಗಳು ಆ ಗರಿಯಿಂದ ನೀರು ಚೀಪ್ತವೆ. ಫೋಟೋ ತೆಗೆಯೋದಿದ್ರೆ ಹತ್ತು ಗಂಟೆಯೊಳಗೆ ಮುಗಿಸಿ, ಆಮೇಲೆ ಬಿಸಿಲ್ಗುದುರೆ ಎದ್ದು ಎಂಥಾ ಲೆನ್ಸ್ ಇದ್ರೂ ಚಿತ್ರ ಕುದಿಯೋ ನೀರಲ್ಲಿ ಬಿದ್ದ ಹಾಗೆ ಬರುತ್ತೆ.

ಥಾರ್‌ನಲ್ಲಿ ಖೇಜ್ಡಿ ಅಂತ ತೋರಿಸೋದು ನಮ್ಮ ಬನ್ನಿ ಮರಾನೇ, ಅದರ ನೆರಳಲ್ಲಿ ಗಾಡಿ ನಿಲ್ಲಿಸೋ ಮುಂಚೆ ಕೊಂಬೆ ಮೇಲೆ ಗೂಡಿದೆಯಾ ನೋಡಿ. ಕಛ್‌ನ ಬನ್ನಿ ಹುಲ್ಲುಗಾವಲನ್ನ ತಿಂದುಹಾಕ್ತಿರೋದು ಮಾತ್ರ ನಮ್ಮೂರ ಬಳ್ಳಾರಿ ಜಾಲಿ. ಹುಲ್ಲು ಹೋದಷ್ಟೂ ಹುಲ್ಲನ್ನೇ ನಂಬಿರೋ ನೆಲಗುಬ್ಬಿ, ಬಸ್ಟರ್ಡ್‌ಗಳಿಗೆ ಜಾಗ ಇಲ್ಲದ ಹಾಗಾಗ್ತಿದೆ, ಅಲ್ಲಿ ನಿಂತು ನೋಡಿದ್ರೆ ಹೊಟ್ಟೆ ಉರಿಯುತ್ತೆ.

ಪ್ರಶ್ನೆ: ಮೊಬೈಲಲ್ಲಿ ಹಕ್ಕಿ ಕೂಗು ಹಾಕಿ ಕರೀಬಹುದಾ?

ಉತ್ತರ: ಬೇಡ. ಬೇರೆ ಹಕ್ಕಿ ತನ್ನ ಜಾಗಕ್ಕೆ ನುಗ್ಗಿದೆ ಅಂತ ಅದು ಮೇವು ಬಿಟ್ಟು ಓಡಿ ಬರುತ್ತೆ, ನೀರು, ಮೇವು ಎರಡೂ ಕಮ್ಮಿ ಇರೋ ಕಡೆ ಆ ಶಕ್ತಿ ವ್ಯರ್ಥ ಮಾಡಿಸೋದು ತಪ್ಪು. ಕೂಗು ಕಲಿಯೋಕೆ ರಾತ್ರಿ ರೂಮಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೇಳಿ, ಮಾರನೇ ಬೆಳಿಗ್ಗೆ ಅದೇ ಕೂಗು ಹುಲ್ಲಲ್ಲಿ ಕೇಳಿದಾಗ ತಕ್ಷಣ ಗೊತ್ತಾಗುತ್ತೆ.