ನಾಲ್ಕು ರ್ಯಾಮ್ ಸ್ಟಿಕ್ ಬೇಡ ಗುರು, ಆ ಲಿಸ್ಟ್ ಸ್ವಲ್ಪ ಬದಲಾಯಿಸು

ಗುರು, ಪೇಮೆಂಟ್ ಒತ್ತೋಕೆ ಮುಂಚೆ ತಡಿ. ನೀನು ಹಾಕಿರೋ ಗೇಮಿಂಗ್ ಪಿಸಿ ಪಾರ್ಟ್ಸ್ ಲಿಸ್ಟಲ್ಲಿರೋ ರೈಜನ್ 5 7600 ಪ್ರೊಸೆಸರ್, ಬಿ650 ಮದರ್‌ಬೋರ್ಡು, ಆರ್‌ಟಿಎಕ್ಸ್ 5070 ಗ್ರಾಫಿಕ್ಸ್ ಕಾರ್ಡು ಮೂರಕ್ಕೂ ನನ್ನ ತಕರಾರಿಲ್ಲ. ತಕರಾರಿರೋದು ರ್ಯಾಮ್‌ಗೆ (ಮೆಮೊರಿಗೆ) "8 ಜಿಬಿ ಡಿಡಿಆರ್5-6000 ನಾಲ್ಕು ಸ್ಟಿಕ್, ಸ್ಲಾಟೆಲ್ಲ ತುಂಬಿದ್ರೆ ಲುಕ್ ಚೆನ್ನಾಗಿರುತ್ತೆ" ಅಂತ ಬರೆದಿದ್ದೀಯಲ್ಲ, ಅದಕ್ಕೆ. ಇದೇ ತಪ್ಪು ನಾನೂ ಮಾಡಿದ್ದೆ, ಅದಕ್ಕೇ ಇಷ್ಟುದ್ದ ಬರೀತಿದೀನಿ.

ಹಳೇ ತಲೆಮಾರಿನ ಡಿಡಿಆರ್4 ಮೆಮೊರಿಯಲ್ಲಿ ನಾಲ್ಕು ಸ್ಟಿಕ್ ಹೇಗೋ ನಡೆದುಹೋಗ್ತಿತ್ತು. ಎಎಂ5 ಸಾಕೆಟ್ (ಬೋರ್ಡಲ್ಲಿ ನಿನ್ನ ಪ್ರೊಸೆಸರ್ ಕೂರೋ ಜಾಗ) ಹಾಗಲ್ಲ. 7600ಕ್ಕೆ ಎಎಂಡಿಯವರೇ ಕೊಟ್ಟಿರೋ ಲೆಕ್ಕ ನೋಡು: ಎರಡು ಸ್ಟಿಕ್ ಇದ್ರೆ ಮೆಮೊರಿ ಸ್ಪೀಡು 5200, ನಾಲ್ಕು ಇದ್ರೆ 3600. ಡಬ್ಬದ ಮೇಲಿರೋ 6000 ಎಕ್ಸ್‌ಪೋ ಸ್ಪೀಡು (ಮೆಮೊರಿ ಕಂಪನಿ ಸ್ಟಿಕ್ ಒಳಗೇ ಬರೆದಿಟ್ಟ ಸೆಟ್ಟಿಂಗ್), ಅಂದ್ರೆ ನಿಗದಿಗಿಂತ ಜೋರಾಗಿ ಓಡಿಸೋ ಓವರ್‌ಕ್ಲಾಕು. ಅದೂ ಒಂದೇ ಡಬ್ಬದಲ್ಲಿ ಬರೋ ಆ ಒಂದು ಕಿಟ್‌ಗೆ ಮಾತ್ರ ಟೆಸ್ಟ್ ಮಾಡಿರ್ತಾರೆ. ಎರಡು ಕಿಟ್ ತಂದು ಜೋಡಿಸಿದ್ರೆ, ಮಾಡೆಲ್ ನಂಬರ್ ಅಕ್ಷರ ಬಿಡದೆ ಒಂದೇ ಇದ್ರೂ, ಒಳಗಿನ ಚಿಪ್ ಬೇರೆ ಬ್ಯಾಚಿಂದೋ ಬೇರೆ ಕಂಪನಿದೋ ಆಗಿರಬಹುದು. ಪ್ರೊಸೆಸರಿಗೂ ಮೆಮೊರಿಗೂ ನಡುವಿನ ಒಂದೊಂದು ಚಾನೆಲ್‌ಗೆ ಎರಡೆರಡು ಸ್ಟಿಕ್ ನೇತುಹಾಕಿದ್ರೆ ಪ್ರೊಸೆಸರ್ ಒಳಗಿನ ಮೆಮೊರಿ ಕಂಟ್ರೋಲರ್ ಮೇಲೆ ಭಾರ ಜಾಸ್ತಿ, ಸಿಗ್ನಲ್ ಕೆಡುತ್ತೆ. ಬೂಟೇ ಆಗದಿದ್ರೆ ಪುಣ್ಯ, ತಪ್ಪು ಆಗಲೇ ಗೊತ್ತಾಗುತ್ತೆ. ಸಾಮಾನ್ಯವಾಗಿ ಆಗೋದು ಬೇರೆ: ಬೂಟ್ ಆಗುತ್ತೆ, ಎರಡು ದಿನ ಆಟ ನಡೆಯುತ್ತೆ, ಆಮೇಲೆ ಗೇಮ್ ಸುಮ್ನೆ ಡೆಸ್ಕ್‌ಟಾಪಿಗೆ ಬಂದು ಬೀಳುತ್ತೆ. ನೀನು ಡ್ರೈವರ್ ಬೈತಾ, ವಿಂಡೋಸ್ ಮತ್ತೆ ಮತ್ತೆ ಹಾಕ್ತಾ ಕೂತಿರ್ತೀಯ.

ಇನ್ನೊಂದು ವಿಷಯ, ಇದನ್ನ ಅಂಗಡಿಯವರು ಹೇಳಲ್ಲ. 8 ಜಿಬಿಯ ಡಿಡಿಆರ್5 ಸ್ಟಿಕ್‌ನಲ್ಲಿ ಸಾಮಾನ್ಯವಾಗಿ ನಾಲ್ಕೇ ಚಿಪ್ ಇರುತ್ತೆ. ಆ ಥರದ ಚಿಪ್‌ನಲ್ಲಿ ಬ್ಯಾಂಕ್ ಗ್ರೂಪು (ಚಿಪ್ ಒಳಗಿನ ಮೆಮೊರಿ ವಿಭಾಗ) ನಾಲ್ಕು, 16 ಜಿಬಿ ಸ್ಟಿಕ್‌ನ ಚಿಪ್‌ನಲ್ಲಿ ಎಂಟು. ಅಂದ್ರೆ ಅದೇ 6000ದಲ್ಲಿ ಓಡಿದ್ರೂ 8 ಜಿಬಿದು ನಿಧಾನ. ದುಡ್ಡು ಕೊಟ್ಟು ತೊಂದರೆ ತಗೊಂಡ ಹಾಗೆ.

16 ಜಿಬಿ ಎರಡರ ಒಂದೇ ಕಿಟ್ ತಗೋ: 6000, ಸಿಎಲ್30 (ಸಿಎಲ್ ಅಂದ್ರೆ ಮೆಮೊರಿ ಉತ್ತರ ಕೊಡೋಕೆ ಹಿಡಿಯೋ ಸಮಯದ ಲೆಕ್ಕ, ಕಮ್ಮಿ ಇದ್ದಷ್ಟೂ ಒಳ್ಳೇದು), ಎಕ್ಸ್‌ಪೋ ಇರೋದು. ಸಿಎಲ್36 ಅಗ್ಗಕ್ಕೆ ಸಿಕ್ಕಿದ್ರೂ ಚಿಂತೆಯಿಲ್ಲ, ಗೇಮಲ್ಲಿ ವ್ಯತ್ಯಾಸ ಹುಡುಕಬೇಕು. 7200, 8000ದ ಆಸೆ ಬೇಡ. 6400 ದಾಟಿದ್ರೆ ಬಹಳಷ್ಟು ಪ್ರೊಸೆಸರ್‌ಗಳಲ್ಲಿ ಕಂಟ್ರೋಲರ್ ಅರ್ಧ ಸ್ಪೀಡಿಗೆ ಇಳಿಯುತ್ತೆ. ಮುಂದೆ 64 ಬೇಕಾದ್ರೆ ಇದನ್ನ ಮಾರಿ 32 ಎರಡು ಹಾಕು, ಇನ್ನೆರಡು ಸೇರಿಸೋಕೆ ಹೋಗ್ಬೇಡ. ಖಾಲಿ ಸ್ಲಾಟ್ ನೋಡೋಕಾಗಲ್ಲ ಅಂದ್ರೆ ಬರೀ ಲೈಟಿರೋ ಡಮ್ಮಿ ಸ್ಟಿಕ್ ಸಿಗುತ್ತೆ, ಹಾಕ್ಕೊಂಡು ಕೂರು.

ಸ್ಟಿಕ್ ಹಾಕೋದು ಎ2, ಬಿ2 ಸ್ಲಾಟಿಗೆ, ಅಂದ್ರೆ ಪ್ರೊಸೆಸರ್ ಕಡೆಯಿಂದ ಎರಡನೇದು ಮತ್ತು ನಾಲ್ಕನೇದು. ಮೊದಲ ಸಲ ಆನ್ ಮಾಡಿದಾಗ ಸ್ಕ್ರೀನ್ ಕಪ್ಪಗೆ ಇರುತ್ತೆ, ಬೋರ್ಡಲ್ಲಿ ಡಿರ್ಯಾಮ್ ಲೈಟ್ ಉರೀತಿರುತ್ತೆ. ಅದು ಮೆಮೊರಿ ಟ್ರೈನಿಂಗ್ (ಬೋರ್ಡು ಹೊಸ ಮೆಮೊರಿಗೆ ಹೊಂದಿಕೊಳ್ಳೋ ಕೆಲಸ), ಕೆಲವು ನಿಮಿಷ ತಗೊಳ್ಳುತ್ತೆ. ಹತ್ತು ನಿಮಿಷ ಮುಟ್ಟಬೇಡ. ಇಲ್ಲೇ ಎಲ್ಲರೂ ಗಾಬರಿಯಾಗಿ ಸ್ವಿಚ್ ತೆಗೆದು ಹಾಕಿ, ಟ್ರೈನಿಂಗ್ ಮತ್ತೆ ಮೊದಲಿಂದ ಶುರುವಾಗಿ, "ಬೋರ್ಡ್ ಡೆಡ್" ಅಂತ ಪೋಸ್ಟ್ ಹಾಕೋದು. ಎಕ್ಸ್‌ಪೋ ಆನ್ ಮಾಡೋಕೆ ಮುಂಚೆ ಬಯಾಸ್ (ಬೋರ್ಡಿನೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮಾಡು. ಪ್ರತಿ ಬೂಟೂ ನಿಧಾನ ಅಂದ್ರೆ ಬಯಾಸಲ್ಲಿ ಮೆಮೊರಿ ಕಾಂಟೆಕ್ಸ್ಟ್ ರಿಸ್ಟೋರ್ (ಹಿಂದಿನ ಟ್ರೈನಿಂಗ್ ನೆನಪಿಟ್ಟುಕೊಳ್ಳೋದು) ಎನೇಬಲ್ ಮಾಡು, ಜೊತೆಗೇ ಪವರ್ ಡೌನ್ ಎನೇಬಲ್ ಅನ್ನೋದನ್ನೂ ಆನ್ ಮಾಡು. ಒಂದೇ ಮಾಡಿ ಇನ್ನೊಂದು ಬಿಟ್ರೆ ಬ್ಲೂ ಸ್ಕ್ರೀನ್ ಬರೋ ಬೋರ್ಡ್‌ಗಳಿವೆ. ಆಮೇಲೆ ರಾತ್ರಿ ಮೆಮೊರಿ ಟೆಸ್ಟ್ ಮಾಡೋ ಪ್ರೋಗ್ರಾಂ ಮೆಮ್‌ಟೆಸ್ಟ್86 ಬಿಟ್ಟು ಮಲ್ಕೋ. ಒಂದು ಎರರ್ ಬಂದ್ರೂ ಫೇಲೇ, "ಒಂದೇ ತಾನೆ" ಅನ್ಬೇಡ.

ಈಗ ಎಸ್‌ಎಂಪಿಎಸ್, ಅಂದ್ರೆ ಪಿಸಿಯ ಪವರ್ ಸಪ್ಲೈ. 550 ವ್ಯಾಟ್ ಬರೆದಿದ್ದೀಯ. 5070 250 ವ್ಯಾಟ್, 7600 ಹೆಚ್ಚೆಂದ್ರೆ 88, ಫ್ಯಾನು ಎಸ್‌ಎಸ್‌ಡಿ ಎಲ್ಲ ಸೇರಿ 400ರ ಆಸುಪಾಸು. ಕೂಡಿದ್ರೆ ಸಾಕು ಅನ್ಸುತ್ತೆ. ಆದ್ರೆ ಕಾರ್ಡ್ ಮಿಲಿಸೆಕೆಂಡ್ ಲೆಕ್ಕದಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ ಎಳೆಯುತ್ತೆ, ಆಗ ಕೆಳದರ್ಜೆ ಸಪ್ಲೈ ಟಪ್ ಅಂತ ಆಫ್. ಎನ್‌ವಿಡಿಯಾ ಹೇಳೋದೇ 650. ನನ್ನ ಕೇಳಿದ್ರೆ 750 ವ್ಯಾಟ್, ಎಟಿಎಕ್ಸ್ 3.1 (ಹೊಸ ಸಪ್ಲೈ ಸ್ಟ್ಯಾಂಡರ್ಡ್), ಗ್ರಾಫಿಕ್ಸ್ ಕಾರ್ಡಿನ 16 ಪಿನ್ ಕೇಬಲ್ ಡಬ್ಬದಲ್ಲೇ ಬರೋದು. ಕೋರ್ಸೇರ್ ಆರ್‌ಎಂಇ ಸೀರೀಸು, ಎಂಎಸ್‌ಐ ಜಿಎಲ್ ಸೀರೀಸು ನನಗೆ ಇಷ್ಟ. ಕ್ಯಾಬಿನೆಟ್ ಜೊತೆ ಫ್ರೀ ಬರೋ ಸಪ್ಲೈನ ಗೇಮಿಂಗ್ ಸಿಸ್ಟಮ್ ಹತ್ರ ತರಲೇಬೇಡ.

"ಹಳೇ ಸಪ್ಲೈ ಕೇಬಲ್ ಇದೆ, ಅದನ್ನೇ ಹಾಕ್ತೀನಿ" ಅಂದಿದ್ದೀಯಲ್ಲ, ಬೈಬೇಕು ಅನ್ಸುತ್ತೆ. ಬೋರ್ಡ್ ಕಡೆಯ ತುದಿಗೆ ಸ್ಟ್ಯಾಂಡರ್ಡ್ ಇದೆ, ಸಪ್ಲೈ ಕಡೆಯ ತುದಿಗೆ ಇಲ್ಲ. ಕನೆಕ್ಟರ್ ಸಲೀಸಾಗಿ ಕೂರುತ್ತೆ, ಅಪಾಯ ಇರೋದೇ ಅಲ್ಲಿ. 5 ವೋಲ್ಟ್ ಹೋಗಬೇಕಾದ ಪಿನ್ನಿಗೆ 12 ವೋಲ್ಟ್ ಹೋದ್ರೆ ಹಾರ್ಡ್ ಡಿಸ್ಕ್ ಆನ್ ಮಾಡಿದ ಕ್ಷಣವೇ ಖಲಾಸ್. ಒಂದೇ ಕಂಪನಿಯ ಎರಡು ಸೀರೀಸ್ ಮಧ್ಯೆಯೂ ಪಿನ್ ಬದಲಾಗುತ್ತೆ. ಹಳೇ ಸಪ್ಲೈ ಜೊತೆ ಕೇಬಲ್ಲನ್ನೂ ಕಟ್ಟಿ ಎತ್ತಿಡು.

16 ಪಿನ್ ಕೇಬಲ್ ಪೂರ್ತಿ ಒಳಗೆ ಹೋಗಿದೆಯಾ ಅಂತ ಟಾರ್ಚ್ ಹಾಕಿ ನೋಡು, ಕೂದಲೆಳೆಯಷ್ಟೂ ಸಂದಿ ಕಾಣಬಾರದು. ಕನೆಕ್ಟರಿಂದ 35 ಎಂಎಂ ನೇರ ಬಂದಮೇಲೆ ಬಗ್ಗಿಸು. ಸಣ್ಣ ಕ್ಯಾಬಿನೆಟ್ಟಲ್ಲಿ ಸೈಡ್ ಗ್ಲಾಸ್ ಕೇಬಲ್ಲನ್ನ ಒತ್ತುತ್ತೆ, ಆಗ ಕನೆಕ್ಟರ್ ಸುಡೋ ಚಾನ್ಸ್ ಇರುತ್ತೆ.

ಕ್ಯಾಬಿನೆಟ್ ಅಂದಾಗ ನೆನಪಾಯ್ತು, ಲಿಸ್ಟಲ್ಲಿರೋ ಆ 360 ಎಂಎಂ ಲಿಕ್ವಿಡ್ ಕೂಲರ್ ಯಾಕೆ? 7600 ಡಬ್ಬದಲ್ಲೇ ಕೂಲರ್ ಬರುತ್ತೆ. ಸದ್ದು ಬೇಡ ಅಂದ್ರೆ ಡೀಪ್‌ಕೂಲ್ ಎಕೆ400 ಏರ್ ಕೂಲರ್ ಧಾರಾಳ, ಎತ್ತರ 155 ಎಂಎಂ, ಕ್ಯಾಬಿನೆಟ್ ಲಿಮಿಟ್ ನೋಡ್ಕೋ. ಬೋರ್ಡಿನ ಮೇಲಿರೋ ಪ್ಲಾಸ್ಟಿಕ್ ಬ್ರಾಕೆಟ್ ಬಿಚ್ಚು, ಹಿಂದಿನ ಬ್ಯಾಕ್‌ಪ್ಲೇಟ್ ಹಾಗೇ ಬಿಡು. ಲಿಕ್ವಿಡ್ ಕೂಲರಿನ ರೇಡಿಯೇಟರ್ ಕ್ಯಾಬಿನೆಟ್ ಮುಂದುಗಡೆ ಕೂರಿಸಿದ್ರೆ 27 ಎಂಎಂ ಅದರದ್ದು, 25 ಎಂಎಂ ಫ್ಯಾನಿನದ್ದು, ಒಟ್ಟು 52 ಹೋಯ್ತು. "330 ಎಂಎಂ ಕಾರ್ಡ್ ಹಿಡಿಸುತ್ತೆ" ಅನ್ನೋ ಕ್ಯಾಬಿನೆಟ್ಟಲ್ಲಿ ಉಳಿಯೋದು 278. ಮೂರು ಫ್ಯಾನಿನ 5070 ಬಹಳಷ್ಟು 300ರ ಆಚೀಚೆ ಇರುತ್ತೆ. ಆಮೇಲೆ ಡ್ರಿಲ್ ತಗೊಂಡು ಕೂರಬೇಕಾಗುತ್ತೆ.

ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗೋದಾದ್ರೆ, "ಕಿಟ್ ಇಲ್ಲ, ಎರಡು ಸಿಂಗಲ್ ಕೊಡ್ತೀನಿ, ಎರಡೂ ಒಂದೇ" ಅನ್ನೋರು ಸಿಗ್ತಾರೆ. ಒಂದಲ್ಲ. ಒಂದೇ ಡಬ್ಬದಲ್ಲಿ ಸೀಲಾಗಿರೋ ಜೋಡಿನೇ ಕೇಳು, ಜಿಎಸ್‌ಟಿ ಬಿಲ್ಲಲ್ಲಿ ಸೀರಿಯಲ್ ನಂಬರ್ ಬರೆಸು. 7600 ಬದಲು ಹೊಸ 9600ಎಕ್ಸ್ ಪ್ರೊಸೆಸರ್ ಕೊಟ್ರೆ ತಗೋ, ಆದ್ರೆ ಹಳೇ ಸ್ಟಾಕ್ ಬಿ650ಗೆ ಬಯಾಸ್ ಹಳೇದಿರುತ್ತೆ, ಫ್ಲ್ಯಾಶ್‌ಬ್ಯಾಕ್ ಬಟನ್ (ಪ್ರೊಸೆಸರ್ ಇಲ್ಲದೆಯೂ ಬಯಾಸ್ ಅಪ್‌ಡೇಟ್ ಮಾಡೋದು) ಇರೋ ಬೋರ್ಡೇ ಬೇಕು. 9600ಎಕ್ಸ್ ಜೊತೆ ಕೂಲರ್ ಬರಲ್ಲ, ಅದನ್ನೂ ಲೆಕ್ಕಕ್ಕೆ ಹಿಡಿ.

ಮನೇಲಿರೋ 600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟಿಂದು. ಗೇಮ್ ಆಡುವಾಗ ಕರೆಂಟ್ ಹೋದ್ರೆ ಅದೂ ಜೊತೆಗೇ ಹೋಗುತ್ತೆ, 1 ಕೆವಿಎ ನೋಡು. ಕ್ಯಾಬಿನೆಟ್ ಮುಟ್ಟಿದ್ರೆ ಜುಮ್ ಅಂದ್ರೆ ಅರ್ಥಿಂಗ್ ಇಲ್ಲ ಅಂತ, ಮೊದಲು ಎಲೆಕ್ಟ್ರಿಷಿಯನ್ ಕರಿ.

ಕ್ಯಾಬಿನೆಟ್ ಮಾಡೆಲ್ಲು, 5070 ಯಾವ ಕಂಪನಿದು ಅಂತ ಕೆಳಗೆ ಹಾಕು, ಉದ್ದ ಅಗಲ ಹೊಂದುತ್ತಾ ನೋಡಿ ಹೇಳ್ತೀನಿ.