ತಲೆಗೆ ಇಷ್ಟು ಅಂತ ಸರ್ಕಾರ ಕೊಡುತ್ತೆ ಅಂದರೆ, ಹೊಸಬರನ್ನು ಕೆಲಸಕ್ಕೆ ತಗೋಬಹುದಾ?

ನೀವು ಕೇಳಿದ್ದು ಇದು: 32 ಜನರಿರುವ ಮೆಷಿನ್ ಶಾಪ್, ಪಿಎಫ್ ಮೊದಲಿನಿಂದಲೂ ಕಟ್ಟುತ್ತಿದ್ದೀರಿ. 16,000 ಸಂಬಳಕ್ಕೆ ಇನ್ನೂ ನಾಲ್ವರನ್ನು ತಗೊಂಡರೆ ಪ್ರಧಾನಮಂತ್ರಿ ವಿಕಸಿತ ಭಾರತ ರೋಜ್‌ಗಾರ್ ಯೋಜನೆಯಲ್ಲಿ ಎಷ್ಟು ಬರುತ್ತೆ, ಅದನ್ನು ನಂಬಬಹುದಾ? ಹುಬ್ಬಳ್ಳಿಯ ಗೋಕುಲ್ ರೋಡ್ ಕಡೆಯ ಸಣ್ಣ ಕಾರ್ಖಾನೆಗಳಿಗೆ ಸಂಬಳ, ಪಿಎಫ್, ಇಎಸ್‌ಐ ಲೆಕ್ಕ ನೋಡುವುದೇ ನನ್ನ ಕೆಲಸ. ಇದೇ ಪ್ರಶ್ನೆ ನನಗೂ ಜಾಸ್ತಿ ಬರುತ್ತೆ.

ನಾಲ್ವರಿಗೆ ಆಗುವಷ್ಟು ಆರ್ಡರ್ ಕೈಯಲ್ಲಿದ್ದರೆ ತಗೊಳ್ಳಿ. ದುಡ್ಡು ಬರುತ್ತೆ ಅಂತ ತಗೋಬೇಡಿ.

ಒಬ್ಬರ ಲೆಕ್ಕ ನೋಡೋಣ. 16,000ದಲ್ಲಿ ಬೇಸಿಕ್ ಮತ್ತು ಡಿಎ (ತುಟ್ಟಿಭತ್ಯೆ) 14,000 ಇದೆ ಅಂದುಕೊಳ್ಳಿ. ಅದರ ಮೇಲೆ ಆಡಳಿತ ಶುಲ್ಕ, ವಿಮೆ ಎಲ್ಲಾ ಸೇರಿ ಮಾಲೀಕರು ಕಟ್ಟುವ ಪಿಎಫ್ 13%, ಅಂದರೆ 1,820. ಇಎಸ್‌ಐ 3.25%, ಅದು 520. ಒಟ್ಟು 2,340 ರೂಪಾಯಿ. ಪಿಎಫ್ ಸಂಬಳ, ಅಂದರೆ ಪಿಎಫ್ ಲೆಕ್ಕ ಹಾಕುವ ಬೇಸಿಕ್ ಮತ್ತು ಡಿಎ, 10,000 ದಾಟಿ 20,000ದೊಳಗೆ ಇದ್ದರೆ ಸರ್ಕಾರ ಕೊಡುವುದು ತಿಂಗಳಿಗೆ 2,000. ನೋಡಿದಿರಾ? ನಿಮ್ಮ ಪಿಎಫ್, ಇಎಸ್‌ಐ ಖರ್ಚೇ ಪೂರ್ತಿ ತುಂಬಲ್ಲ. ಸಂಬಳವಂತೂ ನಿಮ್ಮ ಜೇಬಿನಿಂದಲೇ ಹೋಗಬೇಕು.

20,000 ದಾಟಿದರೆ 3,000 ಸಿಗುತ್ತೆ. 10,000ದ ಒಳಗಿದ್ದರೆ ಹೆಚ್ಚೆಂದರೆ 1,000. ಪಿಎಫ್ ಉಳಿಸಲು ಬೇಸಿಕ್ ಕಡಿಮೆ ತೋರಿಸುವ ಹಳೇ ಚಾಳಿ ಇಲ್ಲಿ ತಿರುಗಿ ಹೊಡೆಯುತ್ತೆ. ಕನಿಷ್ಠ ವೇತನಕ್ಕಿಂತ ಕೆಳಗೆ ಇಳಿಸುವಂತೆಯೂ ಇಲ್ಲ, ಅದು ಬೇರೆ ಮಾತು.

50ಕ್ಕಿಂತ ಕಡಿಮೆ ಜನರಿರುವ ಕಡೆ ಕನಿಷ್ಠ ಇಬ್ಬರನ್ನು ಹೆಚ್ಚಿಗೆ ಸೇರಿಸಿಕೊಳ್ಳಬೇಕು. ನೀವು ನಾಲ್ವರು ಅನ್ನುತ್ತಿದ್ದೀರಿ, ತೊಂದರೆ ಇಲ್ಲ. ಆದರೆ ಹಳಬರು ಇಬ್ಬರು ಬಿಟ್ಟು ಹೋದರೆ ಹೊಸಬರಲ್ಲಿ ಇಬ್ಬರು ಆ ಜಾಗ ತುಂಬಿದಂತೆ, ಅಷ್ಟೇ. ಲೆಕ್ಕ ನೋಡುವುದು ನಿಮ್ಮ ಹಿಂದಿನ ಇಸಿಆರ್‌ನಲ್ಲಿದ್ದ (ತಿಂಗಳು ತಿಂಗಳು ಸಲ್ಲಿಸುವ ಪಿಎಫ್ ಲೆಕ್ಕಪಟ್ಟಿ) ಸಂಖ್ಯೆಗಿಂತ ಎಷ್ಟು ಜಾಸ್ತಿ ಅಂತ. ಹೊಸಬರು ಕನಿಷ್ಠ ಆರು ತಿಂಗಳು ನಿಲ್ಲಬೇಕು. ಮೆಷಿನ್ ಶಾಪ್‌ನಲ್ಲಿ ಹುಡುಗರು ಆರು ತಿಂಗಳು ನಿಲ್ಲುವುದು ಎಷ್ಟು ಕಷ್ಟ ಅಂತ ನಿಮಗೇ ಗೊತ್ತು. ಎಲ್ಲಾ ಸರಿಹೋದರೆ ಎರಡು ವರ್ಷ ಸಿಗುತ್ತೆ. ನಿಮ್ಮದು ತಯಾರಿಕಾ ಘಟಕ ಆದ್ದರಿಂದ ನಾಲ್ಕು ವರ್ಷ.

ನಿಜವಾದ ಲಾಭ ಎಲ್ಲರೂ ಮರೆಯುವ ಜಾಗದಲ್ಲಿದೆ. ಆದಾಯ ತೆರಿಗೆಯಲ್ಲಿ 80ಜೆಜೆಎಎ ಅಂತ ಒಂದಿದೆ. ಹೊಸದಾಗಿ ಸೇರಿದವರ ಸಂಬಳದ 30% ಅನ್ನು ಮೂರು ವರ್ಷ ನಿಮ್ಮ ಆದಾಯದಲ್ಲಿ ಹೆಚ್ಚುವರಿಯಾಗಿ ಕಳೆಯಬಹುದು. ನಾಲ್ವರ ವರ್ಷದ ಸಂಬಳ 7,68,000, ಅದರ 30% ಅಂದರೆ 2,30,400. ನಿಮ್ಮದು ಪಾಲುದಾರಿಕೆ ಸಂಸ್ಥೆಯಾಗಿದ್ದರೆ ವರ್ಷಕ್ಕೆ ಸುಮಾರು 70,000 ತೆರಿಗೆ ಉಳಿಯುತ್ತೆ. ಷರತ್ತುಗಳಿವೆ: ಸಂಬಳ ತಿಂಗಳಿಗೆ 25,000 ಮೀರಬಾರದು, ಬ್ಯಾಂಕ್ ಮೂಲಕವೇ ಕೊಟ್ಟಿರಬೇಕು, ಪಿಎಫ್ ಇರಬೇಕು, ವರ್ಷದಲ್ಲಿ 240 ದಿನ ಕೆಲಸದಲ್ಲಿರಬೇಕು, ನಿಮ್ಮ ಲೆಕ್ಕ ಟ್ಯಾಕ್ಸ್ ಆಡಿಟ್‌ಗೆ ಒಳಪಡಬೇಕು. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದು ಸೆಕ್ಷನ್ ನಂಬರ್‌ಗಳೆಲ್ಲಾ ಬದಲಾಗಿವೆ, ಆಡಿಟರ್ ಹತ್ತಿರ ಹಳೇ ಹೆಸರು ಹೇಳಿಯೇ ಕೇಳಿ. ಕೇಳದಿದ್ದರೆ ಅವರಾಗಿ ಹೇಳುವುದು ಅಪರೂಪ!

ಹುಡುಗರಿಗೂ ಇದೆ. ಮೊದಲ ಸಲ ಪಿಎಫ್‌ಗೆ ಸೇರುವವರಿಗೆ ಒಂದು ತಿಂಗಳ ಪಿಎಫ್ ಸಂಬಳ, ಗರಿಷ್ಠ 15,000, ಎರಡು ಕಂತಿನಲ್ಲಿ. ಮೊದಲನೆಯದು ಆರು ತಿಂಗಳಿಗೆ, ಎರಡನೆಯದು ಹನ್ನೆರಡು ತಿಂಗಳಿಗೆ, ಅದೂ ಹಣಕಾಸು ಸಾಕ್ಷರತೆಯ ತರಬೇತಿ ಮುಗಿಸಿದ ಮೇಲೆ. ಇದು ನೇರ ಅವರ ಖಾತೆಗೆ ಬರುತ್ತೆ. ನಿಮ್ಮ ಕಡೆಯಿಂದ ಕೊಡುವ ಬೋನಸ್ ಅಂತ ಹೇಳಿಕೊಳ್ಳಬೇಡಿ, ಆಮೇಲೆ ಜಗಳ.

ಇಲ್ಲಿ ನನ್ನದೇ ಒಂದು ತಪ್ಪು ಹೇಳಬೇಕು. ಕೊರೊನಾ ಕಾಲದ ಆತ್ಮನಿರ್ಭರ ಭಾರತ ರೋಜ್‌ಗಾರ್ ಯೋಜನೆ ನೆನಪಿದೆಯಲ್ಲ, ಹೊಸಬರ ಪಿಎಫ್‌ನ ಎರಡೂ ಪಾಲನ್ನು ಸರ್ಕಾರವೇ ಕಟ್ಟುತ್ತಿತ್ತು. ಆಗ ಒಬ್ಬ ಹುಡುಗನ ಹೆಸರನ್ನು ಮಾರ್ಕ್ಸ್‌ಕಾರ್ಡ್ ನೋಡಿ ತುಂಬಿಸಿಬಿಟ್ಟೆ. ಆಧಾರ್‌ನಲ್ಲಿ ಇನಿಷಿಯಲ್ ಬೇರೆ. ಸರಿ ಮಾಡಿಸುವಷ್ಟರಲ್ಲಿ ತಿಂಗಳುಗಳು ಕಳೆದವು, ಆ ದುಡ್ಡು ಮಾಲೀಕರು ಸುಮ್ನೆ ಕೈಯಿಂದ ಕಟ್ಟಿದರು. ನನ್ನ ಮುಖ ನೋಡಿದ ರೀತಿ ಇನ್ನೂ ಮರೆತಿಲ್ಲ.

ಅದಕ್ಕೇ, ಸೇರುವ ದಿನವೇ ಆಧಾರ್ ಪ್ರಕಾರ ಹೆಸರು ಬರೆಯಿರಿ, ಉಮಂಗ್ ಆ್ಯಪ್‌ನಲ್ಲಿ ಮುಖ ತೋರಿಸಿ ಯುಎಎನ್ (ಪಿಎಫ್ ಸದಸ್ಯರ ಕಾಯಂ ನಂಬರ್) ಮಾಡಿಸಿ. ಹಿಂದೆ ಎಲ್ಲಾದರೂ ಪಿಎಫ್ ಇತ್ತಾ ಅಂತ ಕೇಳಿ. ಇದ್ದರೆ ಅವನ 15,000 ಹೋಯಿತು, ನಿಮ್ಮ 2,000 ಹೋಗಲ್ಲ. ಸೇರುವ ದಿನಾಂಕ 2025ರ ಆಗಸ್ಟ್ 1ರಿಂದ 2027ರ ಜುಲೈ 31ರೊಳಗೆ ಇರಬೇಕು. ಮಾಲೀಕರ ಪಾಲಿನ ಹಣ ಪ್ಯಾನ್ ಜೋಡಿಸಿದ ಖಾತೆಗೇ ಬರುವುದು, ನಿಮ್ಮದು ಜೋಡಣೆ ಆಗಿದೆಯಾ ಅಂತ ಇವತ್ತೇ ನೋಡಿಬಿಡಿ.